ಸೋಲಲು ನಿಂತ ಮರಿಯಪ್ಪ

ಸರೋಜಿನಿ ನಗರದ ಕನ್ನಡ ಬಳಗದಲ್ಲಿ ಎಂದೂ ಇಲ್ಲದ ಚುನಾವಣೆ ನಡೆದದ್ದು ನಾರ್ವೆಯ ಇಂಗ್ರಿಡ್ ಮೇಡಂ ದೆಸೆಯಿಂದ. ಇಷ್ಟು ದೊಡ್ಡ ಪ್ರಜಾಪ್ರಭುತ್ವದ ಬೇರು ಹೇಗಿದೆಯೆಂದು ನೋಡಿ ಪುಸ್ತಕ ಬರೆಯಲು ಆಕೆ ದೆಹಲಿಗೆ ಬಂದಿದ್ದರು. ಬಳಗದ ಅಧ್ಯಕ್ಷ ನಾರಾಯಣಸ್ವಾಮಿ ಉತ್ಸಾಹ ತಡೆಯದೆ, "ಭಾನುವಾರ ನಮ್ಮ ಚುನಾವಣೆಗೇ ಬನ್ನಿ" ಎಂದುಬಿಟ್ಟರು. ಬಳಗ ಹುಟ್ಟಿದಾಗಿನಿಂದ ತಾವೇ ಅವಿರೋಧ ಅಧ್ಯಕ್ಷರೆಂಬುದು ಅವರಿಗೆ ಆಮೇಲೆ ಹೊಳೆಯಿತು.

ಭಾನುವಾರ ಬೆಳಿಗ್ಗೆ ಗುಮಾಸ್ತ ಮರಿಯಪ್ಪನ ಕ್ವಾರ್ಟರ್ಸಿಗೆ ಓಡಿಬಂದರು.

"ನನ್ನೆದುರು ನೀನು ನಿಲ್ಲಬೇಕು ಕಣಯ್ಯ. ಒಬ್ಬನೇ ನಿಂತರೆ ಪ್ರಪಂಚ ಏನಂದುಕೊಳ್ಳುತ್ತೆ? ದೇಶದ ಮಾನದ ಪ್ರಶ್ನೆ!"

"ಸರ್, ನಾಳೆ ಊರಿಗೆ ಹೊರಟಿದ್ದೀವಿ. ಇವಳ ತಮ್ಮನ ಮದುವೆ."

"ಹೋಗಯ್ಯ, ಬೇಡ ಅಂದವರ್ಯಾರು? ಸೋಲೋದಷ್ಟೇ ನಿನ್ನ ಕೆಲಸ."

ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆಯುತ್ತಿದ್ದ ಹೆಂಡತಿ ಗಿರಿಜಮ್ಮ, "ಅಪ್ಪಿತಪ್ಪಿ ಗೆದ್ದರೆ ಅಧ್ಯಕ್ಷರಾಗಿ ರಾಜ್ಯೋತ್ಸವ ಮುಗಿಸೋವರೆಗೂ ದೆಹಲಿ ಬಿಡೋ ಹಾಗಿಲ್ಲ, ನೆನಪಿರಲಿ" ಎಂದಳು.

"ನನಗೆ ಯಾರೇ ವೋಟು ಹಾಕ್ತಾರೆ?" ಎಂದು ಮರಿಯಪ್ಪ ನಕ್ಕ.

ಸಭೆಯಲ್ಲಿ ಪಕ್ಕದ ಮನೆಯ ಶಂಕರಪ್ಪ, "ಚಲೋ, ಎರಡು ಮಾತಾಡಪ್ಪ" ಎಂದು ಅವನನ್ನು ಮೈಕಿನತ್ತ ದಬ್ಬಿದರು. ಮರಿಯಪ್ಪ ಕೈಮುಗಿದ. "ದಯವಿಟ್ಟು ನನಗೆ ಹಾಕಬೇಡಿ. ನಾರಾಯಣಸ್ವಾಮಿಯವರೇ ಯೋಗ್ಯರು."

"ಪಾಪ, ಎಂಥ ವಿನಯ!" ಎಂದು ಸಭೆಗೆ ಸಭೆಯೇ ಕರಗಿತು. ಮರಿಯಪ್ಪ ಯಾವುದಕ್ಕೂ ಇರಲಿ ಎಂದು ತನ್ನ ಮತವನ್ನೂ ನಾರಾಯಣಸ್ವಾಮಿಗೇ ಹಾಕಿದ.

ಡಬ್ಬ ತೆರೆದರೆ, ಒಂದೇ ಒಂದು ಚೀಟಿ ಬಿಟ್ಟು ಮಿಕ್ಕವೆಲ್ಲ ಮರಿಯಪ್ಪನವು!

"ಫಾರಿನ್ ಮೇಡಂ ಎದುರಿಗೆ ನಿನಗೆ ಸೊನ್ನೆ ಬರಬಾರದು ಅಂತ ನಾನೊಬ್ಬ ಹಾಕಿದೆ" ಎಂದರು ಶಂಕರಪ್ಪ.

"ಅಯ್ಯೋ, ನಾನೂ ಅದಕ್ಕೇ ಹಾಕಿದ್ದು!" ಎಂದು ಸಾಲುಸಾಲಾಗಿ ದನಿಗಳೆದ್ದವು. ನಮ್ಮವರ ದಾಕ್ಷಿಣ್ಯಕ್ಕೆ ಎಣೆಯಿಲ್ಲ. ಗಂಡನ ಮಾನ ಹೋಗಬಾರದೆಂದು ಗಿರಿಜಮ್ಮನೂ ಹಾಕಿದ್ದಳು. ಕೊನೆಗೆ ನಾರಾಯಣಸ್ವಾಮಿಯೇ ತಲೆ ಕೆರೆದುಕೊಂಡು, "ನಾನೂ ಕಣಯ್ಯ" ಎಂದರು.

ಕನ್ನಡ ಬಾರದ ಇಂಗ್ರಿಡ್ ಮೇಡಂ ಮಾತ್ರ ಬಿಳಿಚಿಕೊಂಡಿದ್ದರು. "ಒಬ್ಬರಿಗೇ ಇಷ್ಟು ಮತ ಬೀಳುವುದು ಸರ್ವಾಧಿಕಾರಿಗಳ ದೇಶದಲ್ಲಿ!" ಎಂದು ಮರಿಯಪ್ಪನಿಂದ ಎರಡು ಹೆಜ್ಜೆ ಹಿಂದೆ ಸರಿದು, ದನಿ ತಗ್ಗಿಸಿ ನಾರಾಯಣಸ್ವಾಮಿಯವರನ್ನು ಇಂಗ್ಲಿಷಿನಲ್ಲಿ ಕೇಳಿದರು. "ಇವರನ್ನು ವಿರೋಧಿಸಿದ ಆ ಒಬ್ಬ ಧೈರ್ಯಶಾಲಿ ಯಾರು? ಅವರಿಗೇನೂ ಅಪಾಯವಿಲ್ಲ ತಾನೆ?"

ಮರಿಯಪ್ಪ ಬಾಗಿಲ ಕಡೆ ನೋಡಿದ. ಗಿರಿಜಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಅವನಿಗಾಗಿಯೇ ಕಾಯುತ್ತಿದ್ದಳು.

"ಅದು ನಾನೇ ಮೇಡಂ," ಎಂದು ಅವನು ಮೆಲ್ಲಗೆ ಕೈಯೆತ್ತಿದ. "ಅಪಾಯ ಇದೆ."