ಸೋದರತ್ತೆಯ ಪಿತ್ತಕೋಶ

ಸಿಟ್ಟಿನಿಂದ ವಿದ್ಯುತ್ ತೆಗೆಯುವ ವಿದ್ಯೆ ಯಾರಿಗಾದರೂ ತಿಳಿದಿದ್ದರೆ, ನನ್ನ ಸೋದರತ್ತೆಯೊಬ್ಬರಿಂದಲೇ ಅನುಗೊಂಡನಹಳ್ಳಿ ಹೋಬಳಿಗೆಲ್ಲ ಕರೆಂಟು ಕೊಡಬಹುದಿತ್ತು! ಉತ್ಪ್ರೇಕ್ಷೆಯೆಂದು ದಯವಿಟ್ಟು ಭಾವಿಸಬಾರದು. ಹೊಸಕೋಟೆಯಿಂದ ಬರುವ ಬಸ್ಸು ಒಮ್ಮೆ ಅತ್ತೆ ಇಳಿಯಬೇಕಾದ ನಿಲ್ದಾಣವನ್ನು ದಾಟಿ ನಿಂತಿತು. ಅತ್ತೆ ಇಳಿಯಲಿಲ್ಲ. ಬಸ್ಸೇ ಹಿಂದಕ್ಕೆ ಹೋಯಿತು! ಅಂದಿನಿಂದ ಆ ಚಾಲಕರು, ಅತ್ತೆ ಬಸ್ಸಿನಲ್ಲಿ ಇಲ್ಲದ ದಿನವೂ ಅಲ್ಲಿ ಬ್ರೇಕು ಹಾಕುತ್ತಾರೆ.

ನನ್ನನ್ನು ಪದವಿ ಓದಿಸಿದ್ದೂ ಆ ಸಿಟ್ಟೇ. ಪಿಯುಸಿ ಮುಗಿದ ಮೇಲೆ ನನ್ನನ್ನು ಪಿಲ್ಲಗುಂಪೆಯ ಕಾರ್ಖಾನೆಗೆ ಕಳುಹಿಸುವುದೆಂದು ಅಪ್ಪ ನಿರ್ಧರಿಸಿದ್ದರು. ವಿಷಯ ತಿಳಿದ ಅತ್ತೆ ನಮ್ಮ ಜಗಲಿಯ ಮೇಲೆ ಕುಳಿತು ಬೈಯಲು ಆರಂಭಿಸಿದರು. ಅಪ್ಪ ಬೇಗನೆ ಒಪ್ಪಿಕೊಂಡರು. ಆದರೂ ಆರಂಭಿಸಿದ್ದನ್ನು ಅರ್ಧಕ್ಕೆ ಬಿಡುವುದು ಸರಿಯಲ್ಲವೆಂದು, ಉಳಿದ ಬೈಗುಳವನ್ನೂ ಮುಗಿಸಿಯೇ ಅತ್ತೆ ಎದ್ದರು.

ಅಂಥವರು ಒಂದು ಸಂಜೆ ಮೆಣಸಿನಕಾಯಿ ಬಜ್ಜಿ ತಿಂದು, ಬಲಪಕ್ಕೆಯ ಕೆಳಗೆ ಕೈಯೊತ್ತಿಕೊಂಡು ಸುಮ್ಮನೆ ಕುಳಿತುಬಿಟ್ಟರು. ನೋವಿಗಿಂತ ಆ ಸುಮ್ಮನಿರುವಿಕೆಗೇ ನಾವು ಗಾಬರಿಯಾದೆವು! ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತಕೋಶದಲ್ಲಿ ಕಲ್ಲುಗಳಿರುವುದು ತಿಳಿಯಿತು. ಪಿತ್ತಕೋಶವನ್ನೇ ತೆಗೆಯಬೇಕು, ರೋಬೋಟಿನ ನೆರವಿನಿಂದ ತೆಗೆಯಬಹುದು ಎಂದು ಆಸ್ಪತ್ರೆಯವರು ಹೇಳಿದರು. ಆಗ ಅಪ್ಪ, ತಮ್ಮನ ಸಲಿಗೆಯಿಂದ, ಒಂದು ಮಾತು ಹಾರಿಸಿದರು.

"ಪಿತ್ತಕೋಶಾನೇ ತೆಗೆದ್ರೆ ಅಕ್ಕಂಗೆ ಪಿತ್ತ ಇನ್ನೆಲ್ಲಿಂದ ನೆತ್ತಿಗೇರ್ತದೆ?"

ಮನೆಮಂದಿಯೆಲ್ಲ ನಕ್ಕರು. ಅತ್ತೆ ನಗಲಿಲ್ಲ. ಮರುದಿನ, ಆಪರೇಷನ್ ಬೇಡವೆಂದು ಘೋಷಿಸಿದರು. ನೋವು ಮತ್ತೆ ಬಂದಿತು, ಆಗಲೂ ಬೇಡವೆಂದರು.

ಮನೆಯಲ್ಲಿ ಪದವಿ ಓದಿದವಳು ನಾನೊಬ್ಬಳೇ ಆದ್ದರಿಂದ ಒಪ್ಪಿಸುವ ಹೊಣೆ ನನ್ನ ಮೇಲೆ ಬಿದ್ದಿತು. ನಾನು ಸಿದ್ಧಳಾಗಿಯೇ ಹೋಗಿ, "ಅತ್ತೆ, ಪಿತ್ತರಸ ಉತ್ಪತ್ತಿಯಾಗುವುದು ಯಕೃತ್ತಿನಲ್ಲಿ" ಎಂದು ಆರಂಭಿಸಿದೆ.

"ಯಾರಿಗೆ ಕುತ್ತು?" ಎಂದರು ಅತ್ತೆ.

ಅಲ್ಲಿಗೆ ನನ್ನ ಉಪನ್ಯಾಸ ಮುಗಿಯಿತು! ಆಮೇಲೆ ಅವರೇ ದನಿ ತಗ್ಗಿಸಿ ಹೇಳಿದರು: "ಅಮ್ಮಣ್ಣಿ, ನಂಗೆ ಓದು ಬರಲ್ಲ. ಬಾಯೊಂದಿತ್ತು ಅಂತ ಬದುಕಿದ್ದೀನಿ. ಸಿಟ್ಟೂ ಹೋದ್ರೆ ನನ್ನ ಮಾತು ಯಾರು ಕೇಳ್ತಾರೆ ಹೇಳು?"

ನನ್ನ ಪದವಿಯನ್ನು ಬದಿಗಿಟ್ಟು, ಅವರನ್ನು ಶಸ್ತ್ರವೈದ್ಯೆಯ ಬಳಿಗೇ ಕರೆದೊಯ್ದೆ.

ಕಲ್ಲು ತೆಗೆದು ಚೀಲ ಬಿಟ್ಟುಬಿಡಿ ಎಂದು ಅತ್ತೆ ಚೌಕಾಸಿಗಿಳಿದರು. ಚೀಲವಿದ್ದರೆ ಕಲ್ಲುಗಳು ಮತ್ತೆ ಬರುತ್ತವೆ ಎಂದು ವೈದ್ಯೆ ವಿವರಿಸಿದರು. ಅತ್ತೆ ತಮ್ಮ ನಿಜವಾದ ಭಯವನ್ನು ಹೇಳಿಕೊಂಡಾಗ ಆ ಪುಣ್ಯಾತ್ಮಳು ನಗಲಿಲ್ಲ.

"ನಿಮ್ಮ ಪಿತ್ತ ಎಲ್ಲೂ ಹೋಗಲ್ಲಮ್ಮ. ಅದು ಹುಟ್ಟೋದು ಲಿವರ್‌ನಲ್ಲಿ. ಇನ್ಮೇಲೆ ಚೀಲದಲ್ಲಿ ಕೂಡಿಡದೆ ನೇರವಾಗಿ ಕರುಳಿಗೆ ಹರಿಯುತ್ತೆ, ಅಷ್ಟೇ."

"ಕೂಡಿಡೋ ಅಭ್ಯಾಸ ನಂಗೆ ಯಾವತ್ತೂ ಇಲ್ಲ ಬಿಡಿ" ಎಂದರು ಅತ್ತೆ, ಬಹಳ ಸಮಾಧಾನದಿಂದ. ಬಳಿಕ, ಬೈದರೆ ಆ ರೋಬೋಟಿಗೆ ಕೇಳಿಸುತ್ತದೆಯೇ ಎಂದು ವಿಚಾರಿಸಿದರು. ಅದಕ್ಕೆ ಸ್ವಂತ ಬುದ್ಧಿಯಿಲ್ಲ, ತಾವು ಅದೇ ಕೋಣೆಯಲ್ಲಿ ಕುಳಿತು ಕೈಯಾಡಿಸಿದಂತೆ ಮಾತ್ರ ಅದರ ಕೈಗಳು ಆಡುತ್ತವೆ ಎಂದು ವೈದ್ಯೆ ಹೇಳಿದರು. ಹಾಗಾದರೆ ಬೈಯಬೇಕಾದದ್ದು ನಿಮ್ಮನ್ನೇ ಎಂದು ಅತ್ತೆ ತೀರ್ಮಾನಿಸಿ, ಕೋಳಿ ಹಸನು ಮಾಡುವವರಿಗೆ ಹೇಳುವಂತೆ, ಚೀಲ ಒಡೆಯದ ಹಾಗೆ ತೆಗೆಯಿರಿ, ಒಡೆದರೆ ಎಲ್ಲ ಕಹಿಯಾಗುತ್ತದೆ ಎಂದು ಎಚ್ಚರಿಸಿದರು!

ಅಂತೂ ಒಪ್ಪಿದ ಅತ್ತೆಗೆ ಆಪರೇಷನ್ನಿನ ಹಿಂದಿನ ರಾತ್ರಿಯಿಂದಲೇ ಉಪವಾಸ. ಬಂದವರಿಗೆ ಒಂದು ಲೋಟ ಕಾಫಿ ಕೊಡದ ಇದೆಂಥ ಮನೆಯೆಂದು ಬೆಳಿಗ್ಗೆ ವಾರ್ಡಿನವರಿಗೆಲ್ಲ ಕೇಳುವಂತೆ ಗೊಣಗುತ್ತಲೇ ಅತ್ತೆ ಒಳಗೆ ಹೋದರು. ಹೊರಗೆ ಅಪ್ಪ ಕುರ್ಚಿಯ ಅಂಚಿನಲ್ಲಿ ಕುಳಿತವರು ಏಳಲೇ ಇಲ್ಲ.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಹೊಟ್ಟೆಯ ಮೇಲೆ ನಾಲ್ಕೈದು ಪುಟ್ಟ ಪಟ್ಟಿಗಳು, ಅಷ್ಟೇ. ಆದರೆ ಎಚ್ಚರವಾದ ಅತ್ತೆ, ಹಾಸಿಗೆ ಸರಿಪಡಿಸಿದ ನರ್ಸಿಗೆ, "ನಿಮಗೆ ತೊಂದ್ರೆ ಆಯ್ತೇನೋ ತಾಯಿ" ಎಂದರು. ಅಪ್ಪ ಬೆಚ್ಚಿ ನನ್ನ ಮುಖ ನೋಡಿದರು. ಸಂಜೆ ಎಬ್ಬಿಸಿ ನಡೆಸಿದಾಗ ಭುಜ ನೋಯುತ್ತಿದೆ ಎಂದರು. ಆಪರೇಷನ್ನಿಗೆಂದು ಹೊಟ್ಟೆಗೆ ತುಂಬಿದ್ದ ಗ್ಯಾಸಿನಿಂದ ಹಾಗಾಗುತ್ತದೆ, ಒಂದೆರಡು ದಿನಗಳಲ್ಲಿ ಹೋಗುತ್ತದೆ ಎಂದು ನರ್ಸು ಹೇಳಿದ್ದಕ್ಕೆ ಅತ್ತೆ ಮಗುವಿನಂತೆ ತಲೆಯಾಡಿಸಿದರು. ವಾದವಿಲ್ಲ, ಗೊಣಗಾಟವಿಲ್ಲ! ವೈದ್ಯೆಯ ವಿವರಣೆಯೆಲ್ಲ ನನಗೆ ಬಾಯಿಪಾಠವಾಗಿತ್ತು. ಆದರೂ ಅದನ್ನು ಮನಸ್ಸಿನಲ್ಲೇ ಮೊದಲಿನಿಂದ ಮತ್ತೊಮ್ಮೆ ಒಪ್ಪಿಸಿಕೊಂಡೆ.

ಅಪ್ಪ ಮಂಚದ ಪಕ್ಕದಲ್ಲಿ ಬಗ್ಗಿ ನಿಂತರು. "ಅಕ್ಕಾ," ಎಂದರು, "ಒಂದ್ಸಲ ಬೈಯಿ."

ಅತ್ತೆ ಒಂದು ಕಣ್ಣು ತೆರೆದು ತಮ್ಮನನ್ನು ಅಳೆದು ನೋಡಿದರು.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಲ್ವೇನೋ? ಉಪವಾಸ ಇರು ಅಂದಿದ್ದು ನಂಗೋ ನಿಂಗೋ? ಮುಖ ನೋಡ್ಕೊಂಡಿದ್ಯಾ? ಒಡಹುಟ್ಟಿದವನು ಅಂತ ಹೊರಗೆ ಕೂರಿಸಿದ್ರೆ, ಆ ಮಿಷನ್ನು ನನ್ನ ಭುಜದ ಮೇಲೆ ಕೈಯೂರ್ಕೊಂಡು ನಿಂತಿದ್ದನ್ನ ಕೇಳೋಕೂ ಆಗ್ಲಿಲ್ವಾ ನಿಂಗೆ..."

ದನಿ ಏರುತ್ತಾ ಹೋಯಿತು. ಓಡಿಬಂದ ನರ್ಸು ತುಟಿಯ ಮೇಲೆ ಬೆರಳಿಟ್ಟರು. ಅಪ್ಪ ಕಣ್ಣೊರೆಸಿಕೊಳ್ಳುತ್ತಾ ಅವರಿಗೆ ಕೈಮುಗಿದರು.

"ಇನ್ನೊಂಚೂರು ಬೈಲಿ ಬಿಡಿ, ಸಿಸ್ಟರ್."