ನೀಲಗಂಗಾಳ ಬೌದ್ಧಿಕ ಆಸಕ್ತಿ

ಸೈನ್ಸ್ ಕಾಲೇಜಿನ ಅರ್ಜಿಯಲ್ಲಿ ಹೆಸರು, ಊರು, ಅಂಕ ಎಲ್ಲವನ್ನೂ ನೀಲಗಂಗಾ ಚಕಚಕನೆ ತುಂಬಿದಳು. ಕೊನೆಯ ಪ್ರಶ್ನೆ ಮಾತ್ರ ಅವಳ ಜೀವ ಹಿಂಡಿತು: 'ನಿಮ್ಮ ಬೌದ್ಧಿಕ ಆಸಕ್ತಿಯ ವಿಷಯ ಯಾವುದು? ಬೇರೆ ಹಾಳೆಯಲ್ಲಿ ಒಂದು ಪುಟ ಬರೆಯಿರಿ.' ಅಕ್ಕಲಕೋಟೆಯಲ್ಲಿ ಹೆಣ್ಣುಮಗಳಿಗೆ ಇಂಥದ್ದನ್ನು ಯಾರಾದರೂ ಕೇಳುತ್ತಾರೆಯೇ? ೧೯೭೧ರ ಜೂನ್ ತಿಂಗಳು. ಸೊಲ್ಲಾಪುರದಲ್ಲಿ ಸಂದರ್ಶನಕ್ಕೆ ಅಂದೇ ಕಡೆಯ ದಿನ.

ಅಪ್ಪ, ಕಿರಾಣಿ ಅಂಗಡಿಯ ಮಲಕಾಜಪ್ಪ, ಕಡ್ಡಿ ಮುರಿದಂತೆ ಹೇಳಿದ್ದ. "ಇವತ್ತ ಸೀಟ್ ಸಿಕ್ಕರ ಕಲಿ. ಇಲ್ಲಂದ್ರ ಮದುವಿ. ಮನ್ಯಾಗ ಸುಮ್ನ ಕುಂಡ್ರಿಸಿಕೊಳ್ಳಾಕ ಆಗಂಗಿಲ್ಲ."

ಸುದ್ದಿ ಓಣಿಗೆಲ್ಲ ಹಬ್ಬಿತು. ಎದುರು ಮನೆಯ ನಿವೃತ್ತ ಶಾಂತಪ್ಪ ಮಾಸ್ತರರು ಚಪ್ಪಲಿಯನ್ನೂ ಹಾಕದೆ ಓಡಿಬಂದರು. "ಚಂದ್ರನ ಮ್ಯಾಲ ಬರಿ ತಂಗಿ! ಮನಶ್ಯಾ ಇಳದು ಬಂದಾನ!"

"ಚಂದ್ರ ಗಿಂದ್ರ ಬ್ಯಾಡವ್ವಾ," ಎಂದಳು ಪಕ್ಕದ ಮನೆಯ ಸಕ್ಕುಬಾಯಿ. "ಭಜನಿ ಅಂತ ಬರಿ. ಸಂಭಾವಿತ ಹುಡಿಗಿ ಅಂತಾರ."

"ಭಜನಿಗೂ ಬುದ್ಧಿಗೂ ಏನ್ ಸಂಬಂಧರಿ ಬಾಯಿ?"

"ಯಾಕ, ನನಗ ಬುದ್ಧಿ ಇಲ್ಲೇನ್ರಿ ಮಾಸ್ತರ?"

ಜಗಳ ಜೋರಾಯಿತು. ಸಕ್ಕುಬಾಯಿಯ ಕೈ ತಗುಲಿ ಚಹಾದ ಬಸಿ ಉರುಳಿತು. ಅಷ್ಟರೊಳಗೆ ನೀಲಗಂಗಾ ಕಷ್ಟಪಟ್ಟು ಬರೆದಿದ್ದ ನಾಲ್ಕು ಸಾಲಿನ ಚಂದ್ರ ಚಹಾದಲ್ಲಿ ಮುಳುಗಿಹೋದ. ಬಸ್ಸಿನ ಹೊತ್ತಾಯಿತು; ಅಪ್ಪನೊಂದಿಗೆ ಹೊರಟಳು.

ಬಸ್ಸಿನಲ್ಲಿ ನೀಲಗಂಗಾಳಿಗೆ ಅಳುವೇ ಬಂತು. ಅತ್ತು ಮುಗಿಸಿ ತನ್ನನ್ನೇ ಕೇಳಿಕೊಂಡಳು: ನಿಜವಾಗಿ ನನ್ನ ತಲೆ ಕೊರೆದದ್ದು ಯಾವುದು? ರೊಟ್ಟಿ! ಒಂದೇ ಹಿಟ್ಟಿನ ಮುದ್ದೆಯಲ್ಲಿ ಒಂದು ಜೋಳದ ರೊಟ್ಟಿ ಉಬ್ಬುತ್ತದೆ, ಇನ್ನೊಂದು ಮುಷ್ಕರ ಹೂಡುತ್ತದೆ. ಯಾಕೆ? ಎರಡು ವರ್ಷದಿಂದ ಅವಳು ಲೆಕ್ಕ ಇಟ್ಟಿದ್ದಳು. ಬಿಸಿನೀರಿಗೆ ಎಷ್ಟು, ತಣ್ಣೀರಿಗೆ ಎಷ್ಟು, ಹಳೆ ಹಿಟ್ಟಿಗೆ ಎಷ್ಟು ಉಬ್ಬಿದವು, ಒಳಗಿನ ಹಬೆ ಎಲ್ಲಿ ಸೋರಿತು ಎಂದೆಲ್ಲ. ಮೊಣಕಾಲ ಮೇಲೆ ಹಾಳೆ ಇಟ್ಟು, ಕುಲುಕುತ್ತಲೇ ಪುಟ ತುಂಬಿದಳು.

ಸಂದರ್ಶನ ಮಾಡಲು ಕುಳಿತವರು ಭೌತಶಾಸ್ತ್ರದ ಪ್ರೊಫೆಸರ್ ಚನ್ನವೀರಪ್ಪ. ಓದುತ್ತ ಓದುತ್ತ ಅವರ ಕಣ್ಣು ಅರಳಿದವು.

"ಇದು ನೀನ ಬರದೀಯೇನವ್ವಾ?"

"ಹೌದ್ರಿ ಸರ್."

"ಖರೇನ ಇಷ್ಟು ಉಬ್ಬತಾವ?"

"ಹೊಸ ಹಿಟ್ಟು, ಕುದಿಯೋ ನೀರು ಇದ್ರ ನೂರಕ್ಕ ತೊಂಬತ್ತರಿ ಸರ್. ಮುನ್ನೂರು ರೊಟ್ಟಿ ಮ್ಯಾಲ ನೋಡೀನಿ."

"ಮುನ್ನೂರು!" ಪ್ರೊಫೆಸರರು ಹಾಳೆಯನ್ನು ಮೇಜಿನ ಮೇಲಿಟ್ಟರು. "ಅಪ್ಪನ್ನ ಒಳಗ ಕರಿ."

ನೀಲಗಂಗಾ ಹಿಗ್ಗಿನಿಂದ ಬಾಗಿಲಿಗೆ ಓಡಿ ಅಪ್ಪನನ್ನು ಕರೆದಳು. ಸೀಟು ಸಿಕ್ಕಿತು! ಇನ್ನು ಪ್ರಯೋಗಶಾಲೆ, ಥರ್ಮಾಮೀಟರು, ಓದು! ಮಲಕಾಜಪ್ಪ ಟೋಪಿ ಸರಿಮಾಡಿಕೊಳ್ಳುತ್ತ ಒಳಗೆ ಬಂದು ಕುಳಿತ.

"ಸಾವ್ಕಾರ್ರ, ಇಪ್ಪತ್ತು ವರ್ಷ ಮಾಸ್ತರಕಿ ಮಾಡೀನಿ, ಇಂಥಾ ಹುಡಿಗಿ ನೋಡಿದ್ದಿಲ್ಲ," ಎಂದರು ಪ್ರೊಫೆಸರು. "ನಮ್ಮ ಮನ್ಯಾಗ ದೊಡ್ಡ ಸೊಸಿ ಬಂದಾಗಿಂದ ಒಂದ ಒಂದು ರೊಟ್ಟಿ ಉಬ್ಬಿಲ್ಲ. ನನ್ನ ಸಣ್ಣ ಮಗ ಬ್ಯಾಂಕಿನ್ಯಾಗ ಅದಾನ. ನಿಮ್ಮ ಮಗಳನ್ನ ನಮಗ ಕೊಡ್ತೀರೇನ್ರಿ?"

ಮಲಕಾಜಪ್ಪ ಕುರ್ಚಿಯಿಂದ ಬೀಳುವುದೊಂದು ಬಾಕಿ. "ನಮ್ಮ ಪುಣ್ಯರಿ ಸರ್!"

"ಸರ್, ಕಾಲೇಜು?" ಎಂದು ನೀಲಗಂಗಾ ಅರ್ಜಿಯತ್ತ ಕೈ ಮಾಡಿದಳು.

"ಇನ್ನ ಅದೆಲ್ಲ ಯಾಕವ್ವಾ? ನಿನಗ ಬರಬೇಕಾದ್ದೆಲ್ಲ ಬಂದದ," ಎಂದು ಅವರು ಪ್ರೀತಿಯಿಂದ ನಕ್ಕು, ಅರ್ಜಿಯ ಮೇಲೆ ಅಡ್ಡಗೆರೆ ಎಳೆದರು. ಪ್ರಬಂಧವನ್ನು ಮಾತ್ರ ಮನೆಯಲ್ಲಿ ತೋರಿಸಲೆಂದು ಮಡಚಿ ಕಿಸೆಗೆ ಹಾಕಿಕೊಂಡರು. ಆಮೇಲೆ ಬಾಗಿಲ ಕಡೆ ತಿರುಗಿ ಕೂಗಿದರು:

"ಸೈನ್ಸಿನಾಗ ಒಂದು ಸೀಟು ಉಳೀತು! ಮುಂದಿನ ಹುಡುಗನ್ನ ಕಳಸ್ರಿ!"