ಮಾವನ ಬಲಗಾಲು

ಎಲ್ಲಾ ಅವಾಂತರಕ್ಕೂ ಮೂಲ ಮಾವನ ಸೋಮಾರಿತನ. ಬೆಳಗ್ಗೆ ಎದ್ದವರೇ ಆಫೀಸಿಗೆ ಫೋನು ಹಚ್ಚಿ, ಈಗಲೋ ಆಗಲೋ ಎನ್ನುವವರ ದನಿ ತೆಗೆದು, "ಸಾರ್... ಮೆಟ್ಟಿಲು ಜಾರಿ ಬಿದ್ಬಿಟ್ಟೆ ಸಾರ್. ಎಡಗಾಲು ನೆಲಕ್ಕೆ ಊರಕ್ಕೇ ಆಗ್ತಿಲ್ಲ" ಎಂದು ನರಳಿದರು. ಫೋನಿಟ್ಟ ಮೇಲೆ ಅದೇ ಎಡಗಾಲಿನಿಂದ ಚಪ್ಪಲಿಯನ್ನು ಮೂಲೆಗೆ ಒದ್ದು, ಮಂಚದ ಮೇಲೆ ಹಾಯಾಗಿ ಚಾಚಿಕೊಂಡರು.

ಆ ಹೊತ್ತಿನಲ್ಲಿ ಅವರ ಸೋದರಳಿಯ ಬಚ್ಚಲಲ್ಲಿ ಹಲ್ಲುಜ್ಜುತ್ತಿದ್ದ. ಈ ಮಾತು ಅವನ ಕಿವಿಗೆ ಬಿದ್ದಿದ್ದರೆ ಕತೆಯೇ ಬೇರೆಯಾಗುತ್ತಿತ್ತು.

ಅಳಿಯ ಇದ್ದದ್ದು ಮಾವನ ಮನೆಯಲ್ಲಿ. ಮಾವ ಕಟ್ಟುವ ಫೀಸಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದ. ಬೀದಿಯವರು ಅವನಿಗೆ 'ಅರ್ಧ ಡಾಕ್ಟ್ರು' ಎಂದು ಹೆಸರಿಟ್ಟಿದ್ದರು. ಥಿಯರಿಯಲ್ಲಿ ಹುಲಿಯೇ, ಆದರೆ ಬ್ಯಾಂಡೇಜು ಕೈಗೆ ಬಂದರೆ ಇಲಿ. ಹಿಂದಿನ ಪರೀಕ್ಷೆಯಲ್ಲಿ ಅವನು ಕಟ್ಟಿದ ಬ್ಯಾಂಡೇಜು, ರೋಗಿ ಮಂಚ ಇಳಿದು ಬಾಗಿಲು ಮುಟ್ಟುವಷ್ಟರಲ್ಲಿ ಪೂರ್ತಿ ಬಿಚ್ಚಿಕೊಂಡು ಬಾಲದಂತೆ ಹಿಂದೆ ಹಿಂದೆ ಹೋಗಿತ್ತು. ಇವತ್ತು ಮಧ್ಯಾಹ್ನ ಅದೇ ಪ್ರಾಕ್ಟಿಕಲ್ ಮತ್ತೆ. ಈ ಸಲವೂ ಡುಮ್ಕಿ ಹೊಡೆದರೆ ಜೊತೆಯವರೆಲ್ಲ ಮುಂದಿನ ವರ್ಷಕ್ಕೆ, ಇವನು ಮಾತ್ರ ಇದ್ದಲ್ಲೇ. ಹುಡುಗನಿಗೆ ರಾತ್ರಿಯೆಲ್ಲ ನಿದ್ದೆಯಿರಲಿಲ್ಲ.

"ಮಾವ, ನಿಮ್ಮ ಕಾಲು ಸ್ವಲ್ಪ ಕೊಡ್ತೀರಾ?"

"ಯಾಕೋ? ವಾಪಸ್ ಕೊಡ್ತೀಯ ತಾನೆ?"

"ಬ್ಯಾಂಡೇಜ್ ಪ್ರಾಕ್ಟೀಸ್ ಮಾವ. ನೀವು ಸುಮ್ನೆ ಮಲಗಿದ್ರೆ ಸಾಕು."

"ಮಲಗೋ ಕೆಲಸಕ್ಕೆ ನಾನು ಯಾವತ್ತಾದ್ರೂ ಇಲ್ಲ ಅಂದಿದೀನಾ?" ಎಂದು ಮಾವ ಪೇಪರನ್ನು ಮುಖಕ್ಕೆ ಮುಚ್ಚಿಕೊಂಡರು.

ಎಡಗಾಲು ಗೋಡೆಯ ಕಡೆಗಿತ್ತು. ಅಳಿಯ ಕೈಗೆ ಸಿಕ್ಕ ಬಲಗಾಲನ್ನೇ ತೊಡೆಯ ಮೇಲಿಟ್ಟುಕೊಂಡ. ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಮೊದಲು ಸಡಿಲ, ಆಮೇಲೆ ಬಿಗಿ, ಇನ್ನೊಮ್ಮೆ ಹಿಮ್ಮಡಿಯೇ ಹೊರಗೆ. ಮಾವ ಗೊರಕೆ ಹೊಡೆಯತೊಡಗಿದ ಮೇಲೆ ಎಲ್ಲಿಂದ ಬಂತೋ ಕೈಗೆ ಹದ, ಪಾದದಿಂದ ಮೊಣಕಾಲಿನವರೆಗೆ ಬ್ಯಾಂಡೇಜು ಹೆಣೆದ ಜಡೆಯ ಹಾಗೆ ನೀಟಾಗಿ ಕೂತುಬಿಟ್ಟಿತು. ಅಳಿಯನಿಗೆ ಕುಣಿಯುವಷ್ಟು ಖುಷಿಯಾಯಿತು.

ಕುಣಿಯುವ ಮೊದಲೇ ಬಾಗಿಲು ತೆರೆಯಿತು. ಎದುರುಮನೆ ಆಂಟಿ. ಬೀದಿಯಲ್ಲಿ ಯಾರು ಸೀನಿದರೂ ಕಷಾಯ ಹೇಳಿಕೊಡುವ ಹೆಂಗಸು. ಅವರ ಹಿಂದೆ, ಹಣ್ಣಿನ ಚೀಲ ಹಿಡಿದ ಒಬ್ಬ ದಪ್ಪ ಮನುಷ್ಯ.

"ಇವ್ರು ನಿಮ್ಮ ಮನೆ ಹುಡುಕ್ತಿದ್ರು, ಕರ್ಕೊಂಡ್ಬಂದೆ. ಅಯ್ಯಯ್ಯೋ! ಕಾಲಿಗೇನಾಯ್ತು?"

ಮಾವ ಪೇಪರು ಸರಿಸಿ ಒಂದು ಕಣ್ಣು ತೆರೆದರು. ಕಂಡದ್ದು ಮ್ಯಾನೇಜರು. ಇನ್ನೊಂದು ಕಣ್ಣೂ ತೆರೆದರು. ಕಂಡದ್ದು ಬ್ಯಾಂಡೇಜು. ಹೋದ ಜನ್ಮದ ಪುಣ್ಯ ಎಂದುಕೊಂಡು, "ಅಮ್ಮಾ..." ಎಂದು ಶುರು ಮಾಡಿದರು.

ಮ್ಯಾನೇಜರ ಮನಸ್ಸು ಕರಗಿತು. "ಕ್ಷಮಿಸಿ. ಇದೂ ನಿಮ್ಮ ಹಳೇ ಸುಳ್ಳೇ ಅಂದ್ಕೊಂಡು, ಇವತ್ತು ನಿಮ್ಮನ್ನ ಕೆಲಸದಿಂದ ತೆಗೆಯೋದೇ ಅಂತ ಬಂದೆ. ಛೆ, ಪಾಪ!"

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆಂಟಿ ಬಿಡಬೇಕಲ್ಲ. "ಮನೇಲಿ ಕಟ್ಟಿದ್ದು ಸಾಲ್ದು ಸಾರ್. ನಮ್ಮ ಭಾವನೂ ಹೀಗೇ, ಏನಿಲ್ಲ ಏನಿಲ್ಲ ಅಂತಿದ್ರು. ಕೊನೇಗೆ ಕಾಲು ಊದಿ ಕುಂಬಳಕಾಯಿ ಆಯ್ತು. ದೊಡ್ಡಾಸ್ಪತ್ರೆಗೆ ತೋರಿಸ್ಲೇಬೇಕು."

"ಸರಿ, ನನ್ನ ಕಾರಿದೆ, ನಡೀರಿ!" ಎಂದು ಮ್ಯಾನೇಜರು ಹೊರಗೆ ಹೊರಟರು.

ಮಾವ ಅಳಿಯನ ಕಾಲರು ಹಿಡಿದೆಳೆದರು. "ಇದನ್ನ ಬಿಚ್ಚಕ್ಕೆ ಬಿಟ್ಯೋ, ನನ್ನ ಕೆಲಸ ಹೋಯ್ತು. ನನ್ನ ಕೆಲಸ ಹೋದ್ರೆ ನಿನ್ನ ಫೀಸೂ ಹೋಯ್ತು. ನೆನಪಿಟ್ಕೋ!"

"ಮಾವ, ನಂಗೆ ಆ ಆಸ್ಪತ್ರೇಲೇ ಪರೀಕ್ಷೆ!"

"ಒಳ್ಳೇದೇ ಆಯ್ತು, ನೀನೂ ಹತ್ತು" ಎಂದು ಆಂಟಿ ತಾವು ಮೊದಲು ಹತ್ತಿ ಮುಂದಿನ ಸೀಟಿನಲ್ಲಿ ಕೂತರು.

ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿ ಪರೀಕ್ಷೆ ಆಗಲೇ ಶುರುವಾಗಿತ್ತು. ದಪ್ಪ ಕನ್ನಡಕದ ಪರೀಕ್ಷಕಿ, ಬಂದ ರೋಗಿಗಳನ್ನೇ ವಿದ್ಯಾರ್ಥಿಗಳಿಗೆ ಹಂಚುತ್ತಿದ್ದರು. ಓಡಿ ಬಂದ ಅಳಿಯನನ್ನೂ, ಗಾಲಿಕುರ್ಚಿಯಲ್ಲಿ ಬಂದ ಮಾವನನ್ನೂ ನೋಡಿ, "ನಿನಗೆ ಇವರು. ಈ ಬ್ಯಾಂಡೇಜು ಬಿಚ್ಚಿ ಹೊಸದಾಗಿ ಕಟ್ಟು" ಎಂದರು.

ಅಳಿಯನ ಕೈ ಬ್ಯಾಂಡೇಜಿನ ಮೇಲೆ ನಿಂತಿತು. ಬಿಚ್ಚಿದರೆ ಒಳಗೆ ಊತವಿಲ್ಲ, ಗಾಯವಿಲ್ಲ, ಮಾವನ ಗಟ್ಟಿಮುಟ್ಟಾದ ಕಾಲು. ಬಿಚ್ಚದಿದ್ದರೆ ಪರೀಕ್ಷೆಗೆ ಎಳ್ಳುನೀರು. ಮಾವ ಕಣ್ಣಲ್ಲೇ ಕೈಮುಗಿದರು. ಮ್ಯಾನೇಜರು ಕತ್ತು ಚಾಚಿ ನೋಡುತ್ತಿದ್ದರು.

"ಮೇಡಂ," ಎಂದ ಅಳಿಯ. "ಈ ಕಟ್ಟು ಸರಿಯಾಗೇ ಇದೆ. ಚೆನ್ನಾಗಿರೋದನ್ನ ಬಿಚ್ಚಿ ರೋಗಿಗೆ ಸುಮ್ನೆ ನೋವು ಕೊಡಬಾರದಲ್ವಾ?"

ಪರೀಕ್ಷಕಿ ಕನ್ನಡಕದ ಮೇಲಿಂದ ದುರುಗುಟ್ಟಿದರು. ಬಗ್ಗಿ ಸುತ್ತುಗಳನ್ನು ನೋಡಿದರು. ಬೆರಳು ತೂರಿಸಿ ಬಿಗಿ ನೋಡಿದರು. ಮಾವನ ಹೆಬ್ಬೆರಳಿನ ಉಗುರೊತ್ತಿ, ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದೂ ನೋಡಿದರು.

"ಭೇಷ್! ಇಷ್ಟು ವರ್ಷದಲ್ಲಿ ಇಂಥ ಕಟ್ಟು ನಾನು ನೋಡಿಲ್ಲ. ಯಾರು ಕಟ್ಟಿದ್ದು?"

"ನಾನೇ ಮೇಡಂ!" ಅಳಿಯನ ಎದೆ ಉಬ್ಬಿತು.

"ಇವನೇ ಇವನೇ," ಆಂಟಿ ಬಾಗಿಲಿಂದಲೇ ಸಾಕ್ಷಿ ಹೇಳಿದರು. "ನಾನು ಬಂದಾಗ ಕಟ್ಟಿದ ಕಾಲು ಇನ್ನೂ ಇವನ ತೊಡೆ ಮೇಲೇ ಇತ್ತು, ಕಣ್ಣಾರೆ ಕಂಡಿದೀನಿ!"

ಪರೀಕ್ಷಕಿ ನಗುತ್ತಾ ಅಂಕ ಹಾಕಲು ಪೆನ್ನಿನ ಮುಚ್ಚಳ ತೆಗೆದರು. ಗೆದ್ದೆ ಎಂದುಕೊಂಡ ಅಳಿಯ.

"ಒಂದ್ನಿಮಿಷ," ಎಂದರು ಮ್ಯಾನೇಜರು. ಅವರ ಹುಬ್ಬು ಗಂಟಿಕ್ಕಿತ್ತು. "ಬೆಳಗ್ಗೆ ಫೋನಲ್ಲಿ ಎಡಗಾಲು ಅಂದಿರಲ್ಲ?"

ಮಾವ ತಮ್ಮ ಬಲಗಾಲು ನೋಡಿದರು, ಎಡಗಾಲು ನೋಡಿದರು, ಮ್ಯಾನೇಜರನ್ನು ನೋಡಿದರು, ಕಡೆಗೆ ಅಳಿಯನನ್ನು ನೋಡಿದರು. ಆಮೇಲೆ ಫಟ್ಟನೆ ಹಣೆ ಚಚ್ಚಿಕೊಂಡರು.

"ಅಯ್ಯೋ ಪಾಪಿ! ಪೆಟ್ಟು ಬಿದ್ದಿದ್ದು ಎಡಗಾಲಿಗೆ ಕಣೋ! ಬಲಗಾಲಿಗೆ ಕಟ್ಟಿ ಕೂತಿದೀಯಲ್ಲೋ! ಅದಕ್ಕೇ ಸಾರ್, ಬೆಳಗ್ಗಿಂದ ನೋವು ಒಂಚೂರೂ ಕಮ್ಮಿ ಆಗಿಲ್ಲ!"

ಪರೀಕ್ಷಕಿಯ ನಗು ಮಾಯವಾಯಿತು. "ಯಾವ ಕಾಲು ಅಂತ ರೋಗೀನ ಕೇಳೋದು ಮೊದಲನೇ ಪಾಠ. ಅದೇ ಗೊತ್ತಿಲ್ವಾ ನಿಂಗೆ? ನಾಳೆ ಇನ್ನೇನೇನು ಮಾಡ್ತೀಯೋ! ಮುಂದಿನ ವರ್ಷ ಬಾ."

ಅಳಿಯ ಬಾಯಿ ತೆರೆದ. ನಿಜ ಹೇಳಿದರೆ ಮಾವನ ಕೆಲಸ, ಅದರ ಹಿಂದೆಯೇ ತನ್ನ ಫೀಸು. ಬಾಯಿ ಮುಚ್ಚಿದ.

"ಪಾಪ, ಇಂಥವನ ಕೈಗೆ ಸಿಕ್ಕಿಬಿಟ್ರಲ್ಲ," ಎಂದು ಮ್ಯಾನೇಜರು ಮಾವನಿಗೆ ಒಂದು ವಾರ ರಜೆ ಕೊಟ್ಟರು. ಎಡಗಾಲಿನ ಹತ್ತಿರ ಯಾರ ಕೈ ಬಂದರೂ ಮಾವ "ಅಮ್ಮಾ..." ಎಂದು ಕೂಗುತ್ತಿದ್ದರಿಂದ ಊತ ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ. ತಪ್ಪು ತಿದ್ದಿಕೊಳ್ಳಲೆಂದು ಪರೀಕ್ಷಕಿ ಎಡಗಾಲಿಗೂ ಅವನಿಂದಲೇ ಕಟ್ಟಿಸಿದರು. ಅದೂ ಜಡೆಯ ಹಾಗೇ ಕೂತಿತು. ಅದಕ್ಕೆ ಅಂಕ ಮಾತ್ರ ಇರಲಿಲ್ಲ.

ಕೊನೆಯ ಸುತ್ತು ಹಾಕುವಾಗ ಮಾವ ಅವನ ಕಿವಿಯ ಹತ್ತಿರ ಬಗ್ಗಿದರು.

"ಬೇಜಾರ್ ಮಾಡ್ಕೋಬೇಡ ಕಣೋ. ಮುಂದಿನ ವರ್ಷ ಪ್ರಾಕ್ಟೀಸಿಗೆ ಎರಡು ಕಾಲೂ ಕೊಡ್ತೀನಿ."